ಹೋಂಸ್ಟೇ, ಹಾಳೆ ತಟ್ಟೆ, ಐಸ್ ಪ್ಲಾಂಟು, ಸುಲಿಯೋ ಮಶಿನ್: ಇರೋ ದುಡ್ಡು ಯಾವುದಕ್ಕೆ ಹಾಕೋದು?

ಮೊದ್ಲು ಪ್ರಶ್ನೆ ಏನು ಅಂತ ಚಿಕ್ಕದಾಗಿ ಹೇಳಿಬಿಡ್ತೇನೆ, ಓದೋ ಎಲ್ಲರಿಗೂ ಅರ್ಥ ಆಗ್ಲಿ. ಶಿರಸಿ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: 3 ಎಕರೆ ಅಡಿಕೆ ತೋಟ ಇದೆ, ಕೈಯಲ್ಲಿ 15 ಲಕ್ಷ ಇದೆ, ಬ್ಯಾಂಕು ಇನ್ನೊಂದು 15 ಲಕ್ಷ ಸಾಲ ಕೊಡ್ತೇನೆ ಅಂದಿದೆ. ಮುಂದಿರೋದು ನಾಲ್ಕು ದಾರಿ. ಗೋಕರ್ಣದ ಹತ್ತಿರ ಹೆಂಡತಿ ಕಡೆಯಿಂದ ಬಂದ ಜಾಗದಲ್ಲಿ 4 ರೂಮಿನ ಹೋಂಸ್ಟೇ, ಅದಕ್ಕೆ 30 ಲಕ್ಷ. ಊರಲ್ಲೇ ಅಡಿಕೆ ಹಾಳೆ ತಟ್ಟೆ ಘಟಕ, 10 ಲಕ್ಷ. ತದಡಿ ಕಡೆ ಗೆಳೆಯರೊಬ್ಬರ ಹಳೇ ಐಸ್ ಪ್ಲಾಂಟು 5 ವರ್ಷಕ್ಕೆ ಲೀಸಿಗೆ, ಅದಕ್ಕೂ 30 ಲಕ್ಷ. ಇನ್ನೊಂದು ಮನೆಗೆ ಅಡಿಕೆ ಸುಲಿಯೋ ಮಶಿನ್, 4 ಲಕ್ಷ. ಅಳಿಯ ಎಕ್ಸೆಲ್ ಶೀಟ್ ಮಾಡಿಕೊಟ್ಟಿದ್ದಾನೆ, ಅದ್ರಲ್ಲಿ ಐಆರ್‌ಆರ್ (ಹಾಕಿದ ದುಡ್ಡು ವರ್ಷಕ್ಕೆ ಎಷ್ಟು ಪರ್ಸೆಂಟ್ ದುಡೀತದೆ ಅನ್ನೋದು) ನೋಡಿದ್ರೆ ತಟ್ಟೆ ಮುಂದೆ, ಎನ್‌ಪಿವಿ (ಮುಂದೆ ಬರೋ ಹಣದ ಇವತ್ತಿನ ಬೆಲೆಯಿಂದ ಬಂಡವಾಳ ಕಳೆದು ಉಳಿಯೋದು) ನೋಡಿದ್ರೆ ಹೋಂಸ್ಟೇ ಮುಂದೆ, ಐಸ್ ಪ್ಲಾಂಟಿನವ್ರು ಮೂರೇ ವರ್ಷಕ್ಕೆ ದುಡ್ಡು ವಾಪಸ್ ಅಂತಾರೆ, ಯಾವುದನ್ನು ನಂಬೋದು ಸಾರ್ ಅಂತ ಕೇಳಿದ್ದಾರೆ.

ಶೀಟು ಕಳಿಸಿದ್ದು ಒಳ್ಳೇದಾಯ್ತು. ನಾನು ಸಾಲದ ಅರ್ಜಿಗಳ ಪ್ರಾಜೆಕ್ಟ್ ರಿಪೋರ್ಟ್ ನೋಡೋ ಕೆಲಸವನ್ನೇ ವರ್ಷಗಟ್ಟಲೆ ಮಾಡಿದವನು, ನೂರಕ್ಕೆ ತೊಂಬತ್ತು ರಿಪೋರ್ಟಲ್ಲಿ ಗಣಿತ ಸರಿ ಇರ್ತದೆ, ಒಳಗೆ ಹಾಕಿದ ಅಂಕಿ ಸರಿ ಇರೋದಿಲ್ಲ. ನಿಮ್ಮದ್ರಲ್ಲಿ ಗಣಿತದ್ದೂ ಒಂದು ಸಣ್ಣ ತಪ್ಪಿದೆ, ಅದನ್ನ ಮೊದ್ಲು ಮುಗಿಸ್ತೇನೆ.

ಎಕ್ಸೆಲ್ಲಿನ ಎನ್‌ಪಿವಿ ಫಾರ್ಮುಲಾಕ್ಕೆ ನೀವು ಮೊದಲನೇ ಸೆಲ್ಲಲ್ಲಿ ಏನು ಕೊಟ್ರೂ ಅದು ಒಂದು ವರ್ಷ ಆದ್ಮೇಲೆ ಬರೋ ಹಣ ಅಂತಲೇ ತಿಳ್ಕೊಳ್ತದೆ. ನಿಮ್ಮ ಅಳಿಯ ಇವತ್ತು ಹಾಕೋ 30 ಲಕ್ಷವನ್ನೂ ಆ ಫಾರ್ಮುಲಾದ ಒಳಗೇ ಸೇರಿಸಿದ್ದಾನೆ, ಹಾಗಾಗಿ ಎಲ್ಲಾ ಅಂಕಿಯೂ ಒಂದು ವರ್ಷ ಮುಂದಕ್ಕೆ ಹೋಗಿ ಹೋಂಸ್ಟೇಗೆ 3.92 ಲಕ್ಷ ಅಂತ ತೋರಿಸಿದೆ. ಇವತ್ತಿನ ಹಣವನ್ನ ಫಾರ್ಮುಲಾದ ಹೊರಗೆ ಇಟ್ಟು ಕಳೀಬೇಕು, ಆಗ 4.39 ಲಕ್ಷ ಬರ್ತದೆ. ತಟ್ಟೆಗೂ 2.66 ಅಲ್ಲ, 2.98 ಲಕ್ಷ. ಇದ್ರಿಂದ ಯಾವುದು ಮೊದ್ಲು ಯಾವುದು ಆಮೇಲೆ ಅನ್ನೋದು ಬದಲಾಗಲ್ಲ, ಆದ್ರೆ ಬ್ಯಾಂಕಿಗೆ ಕೊಡೋ ಕಾಗದದಲ್ಲಿ ತಪ್ಪಿರಬಾರದು ನೋಡಿ.

ಈಗ ಈ ಎನ್‌ಪಿವಿ ಅಂದ್ರೆ ಏನು ಅಂತ ಒಂದ್ಸಲ ನಮ್ಮ ಮಾತಲ್ಲೇ ನೋಡುವ. ನೀವು 12% ದರ ಹಿಡಿದಿದ್ದೀರಿ, ಅಂದ್ರೆ ಈ ದುಡ್ಡು ಬೇರೆ ಕಡೆ ಇಷ್ಟೇ ರಿಸ್ಕಲ್ಲಿ ಹಾಕಿದ್ರೆ ವರ್ಷಕ್ಕೆ 12% ದುಡೀತಿತ್ತು ಅಂತ. ಸಾಲದ ಬಡ್ಡಿ 10%, ನಿಮ್ಮ ಸ್ವಂತ ಹಣಕ್ಕೆ ಸೊಸೈಟಿ ಠೇವಣಿಗಿಂತ ಜಾಸ್ತಿ ಅಂತ 14%, ಅರ್ಧ ಅರ್ಧ ಸೇರಿಸಿದ್ರೆ 12, ಅದು ಸರಿಯಾಗೇ ಇದೆ. ಈ ದರದಲ್ಲಿ 5 ವರ್ಷ ಬಿಟ್ಟು ಬರೋ 1 ರೂಪಾಯಿ ಅಂದ್ರೆ ಇವತ್ತಿನ 57 ಪೈಸೆ, 10 ವರ್ಷ ಬಿಟ್ಟು ಬರೋದು ಬರೀ 32 ಪೈಸೆ. ಹೀಗೆ ಮುಂದೆ ಬರೋ ಎಲ್ಲಾ ಹಣವನ್ನೂ ಇವತ್ತಿನ ಪೈಸೆಗೆ ಇಳಿಸಿ, ಕೂಡಿಸಿ, ಅದ್ರಿಂದ ಇವತ್ತು ಹಾಕೋ ಬಂಡವಾಳ ಕಳೆದ್ರೆ ಉಳಿಯೋದೇ ಎನ್‌ಪಿವಿ. ಸೊನ್ನೆ ಬಂತು ಅಂದ್ರೆ ನಷ್ಟ ಅಂತಲ್ಲ, 12% ಬಂತು, ಅದಕ್ಕಿಂತ ಒಂದು ಪೈಸೆ ಜಾಸ್ತಿ ಬರಲಿಲ್ಲ ಅಂತ ಅರ್ಥ.

ನಿಮ್ಮದೇ ಅಂಕಿ ಇಟ್ಕೊಂಡು ನೋಡಿದ್ರೆ ಹೀಗಿದೆ. ತಟ್ಟೆ: 10 ಲಕ್ಷ ಹಾಕಿ 5 ವರ್ಷ ವರ್ಷಕ್ಕೆ 3.6 ಲಕ್ಷ, ಎನ್‌ಪಿವಿ 2.98 ಲಕ್ಷ, ಐಆರ್‌ಆರ್ 23% ಚಿಲ್ಲರೆ. ಹೋಂಸ್ಟೇ: 30 ಲಕ್ಷ ಹಾಕಿ ಮೊದಲ ವರ್ಷ 3, ಎರಡನೇ ವರ್ಷ 5, ಆಮೇಲೆ 10ನೇ ವರ್ಷದ ತನಕ 7 ಲಕ್ಷ, ಎನ್‌ಪಿವಿ 4.39, ಐಆರ್‌ಆರ್ 15%. ಐಸ್ ಪ್ಲಾಂಟು: 30 ಲಕ್ಷ ಹಾಕಿ 11, 10, 9, 5, 3 ಲಕ್ಷ. ಸುಲಿಯೋ ಮಶಿನ್: 4 ಲಕ್ಷಕ್ಕೆ 8 ವರ್ಷ, ನಿಮ್ಮ ತೋಟದ್ದೂ ಅಕ್ಕಪಕ್ಕದ ಮನೆ ಕೆಲಸದ್ದೂ ಸೇರಿ ವರ್ಷಕ್ಕೆ 1 ಲಕ್ಷ, ಎನ್‌ಪಿವಿ 97 ಸಾವಿರ.

ಐಸ್ ಪ್ಲಾಂಟನ್ನ ಮೊದ್ಲು ತೆಗೆದುಹಾಕುವ, ಯಾಕಂದ್ರೆ ಅಲ್ಲೇ ಜನ ಜಾಸ್ತಿ ಮೋಸ ಹೋಗೋದು. 11, 10, 9 ಕೂಡಿಸಿದ್ರೆ 30, ಮೂರು ವರ್ಷಕ್ಕೆ ಅಸಲು ಬಂತು, ಮಾತು ನಿಜ. ಆದ್ರೆ ಅಸಲು ಮೂರು ವರ್ಷ ಅಲ್ಲಿ ಸಿಕ್ಕಿಬಿದ್ದದ್ದಕ್ಕೆ ಬಡ್ಡಿ ಎಲ್ಲಿ? ಆಮೇಲಿನ ಎರಡು ವರ್ಷದಲ್ಲಿ ಬರೋ 8 ಲಕ್ಷದಿಂದ ಅದು ತುಂಬಬೇಕು, ತುಂಬೋದಿಲ್ಲ. ನಿಮ್ಮದೇ ಅಂಕಿ 12% ದರಕ್ಕೆ ಇಳಿಸಿ ಕೂಡಿಸಿದ್ರೆ 29.08 ಲಕ್ಷ ಆಗ್ತದೆ, ಅಂದ್ರೆ 92 ಸಾವಿರ ಕಮ್ಮಿ. ಪೇಬ್ಯಾಕ್ ಅನ್ನೋದು ದುಡ್ಡು ಎಷ್ಟು ದಿನ ಹೊರಗಿರ್ತದೆ ಅಂತ ಮಾತ್ರ ಹೇಳೋದು, ಎಷ್ಟು ದುಡೀತದೆ ಅಂತ ಅಲ್ಲ.

ಅದೂ ಅಲ್ದೆ ಆ ಲೆಕ್ಕದಲ್ಲಿ 12 ತಿಂಗಳ ಮಾರಾಟ ಹಿಡಿದಿದ್ದೀರಿ. ನಮ್ಮ ಕರಾವಳಿಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ, 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ಬಿಡುವು. ನಾಡದೋಣಿಯವ್ರು ಎಷ್ಟು ಐಸ್ ತಗೊಳ್ತಾರೆ ಹೇಳಿ. ಬೋಟು ದಡಕ್ಕೆ ಬಿದ್ದ ಎರಡು ತಿಂಗಳೂ ಹೆಸ್ಕಾಂ ಫಿಕ್ಸ್ಡ್ ಚಾರ್ಜು ಬರ್ತದೆ, ಆಪರೇಟರ್ ಸಂಬಳ ಕೊಡಲೇಬೇಕು, ಅವನನ್ನ ಬಿಟ್ರೆ ಆಗಸ್ಟಲ್ಲಿ ಮತ್ತೆ ಸಿಗೋದಿಲ್ಲ. ಹಳೇ ಪ್ಲಾಂಟು ಅಂದ್ರೆ ಉಪ್ಪುನೀರಿನ ಟ್ಯಾಂಕು ತುಕ್ಕು ಹಿಡಿದಿರ್ತದೆ, ಅಮೋನಿಯಾ ಪೈಪು, ಕಂಪ್ರೆಸರ್ ರಿಪೇರಿ ವರ್ಷದಿಂದ ವರ್ಷಕ್ಕೆ ಏರ್ತದೆ, ಅದಕ್ಕೇ ನಾಲ್ಕನೇ ಐದನೇ ವರ್ಷ ಅಂಕಿ ಇಳಿದಿರೋದು, ಅದನ್ನ ನೀವೇ ಪ್ರಾಮಾಣಿಕವಾಗಿ ಬರೆದಿದ್ದೀರಿ. ನಿಮ್ಮ ಗೆಳೆಯರು ಕೆಟ್ಟವರು ಅಂತ ನಾನು ಹೇಳ್ತಾ ಇಲ್ಲ, ಆದ್ರೆ ಈ ದರಕ್ಕೆ ಈ ಲೀಸು ಬೇಡ. 25 ಲಕ್ಷಕ್ಕೆ ಇಳಿಸಿ, ಬ್ಯಾನ್ ಎರಡು ತಿಂಗಳು ತೆಗೆದು ಹೊಸ ಅಂಕಿ ಕೊಟ್ರೆ ಮತ್ತೆ ನೋಡಬಹುದು.

ಉಳಿದದ್ದು ಮೂರು. ಈಗ ಐಆರ್‌ಆರ್ ವಿಷಯ. ತಟ್ಟೆ 23%, ಹೋಂಸ್ಟೇ 15%, ಹಾಗಾದ್ರೆ ತಟ್ಟೆಯೇ ಮೇಲು ಅನ್ನಿಸ್ತದೆ. ಆದ್ರೆ ಪರ್ಸೆಂಟಲ್ಲಿ ಅಕ್ಕಿ ಬರೋದಿಲ್ಲ, ರೂಪಾಯಿಯಲ್ಲೇ ಬರೋದು. 10 ಲಕ್ಷದ ಮೇಲೆ 23% ಮತ್ತು 30 ಲಕ್ಷದ ಮೇಲೆ 15% ಪಕ್ಕಪಕ್ಕ ಇಡೋದಕ್ಕೆ ಆಗಲ್ಲ. ಎರಡ್ರಲ್ಲಿ ಒಂದನ್ನೇ ಆರಿಸಬೇಕು ಅನ್ನೋ ಕಡೆ ಐಆರ್‌ಆರ್ ಬಿಟ್ಟು ಎನ್‌ಪಿವಿ ನೋಡ್ಬೇಕು, ಇದ್ರಲ್ಲಿ ನನಗೆ ಎರಡು ಮಾತಿಲ್ಲ. ಐಆರ್‌ಆರ್‌ನದ್ದು ಇನ್ನೊಂದು ತೊಂದರೆ, ನಡುವೆ ಬರೋ ಹಣವೂ ಅದೇ 23% ದರದಲ್ಲೇ ದುಡೀತಾ ಹೋಗ್ತದೆ ಅಂತ ಓದೋರು ತಿಳ್ಕೊಂಡುಬಿಡ್ತಾರೆ, ತಟ್ಟೆಯಿಂದ ಬಂದ 3.6 ಲಕ್ಷವನ್ನ ನೀವು ಮರುವರ್ಷ ಎಲ್ಲಿ ಹಾಕಿದ್ರೆ 23% ಬರ್ತದೆ, ಸೊಸೈಟಿಲಂತೂ ಬರಲ್ಲ.

ಆದ್ರೆ ಎನ್‌ಪಿವಿ ನೋಡಿ ಹೋಂಸ್ಟೇ ಗೆದ್ದಿತು ಅಂತಲೂ ಇಷ್ಟಕ್ಕೇ ಹೇಳೋ ಹಾಗಿಲ್ಲ, ಯಾಕಂದ್ರೆ ಒಂದು 5 ವರ್ಷದ್ದು, ಇನ್ನೊಂದು 10 ವರ್ಷದ್ದು. 5 ವರ್ಷ ಆದ್ಮೇಲೆ ತಟ್ಟೆ ಮಶಿನ್ ಮತ್ತೆ ತಗೊಂಡು ಇನ್ನೊಂದು 5 ವರ್ಷ ನಡೆಸಬಹುದಲ್ಲ, ಹಾಗೆ ಹಿಡಿದ್ರೆ 10 ವರ್ಷಕ್ಕೆ ತಟ್ಟೆಯ ಎನ್‌ಪಿವಿ 4.67 ಲಕ್ಷ ಆಗಿ ಹೋಂಸ್ಟೇಯನ್ನ ದಾಟ್ತದೆ. ಇದನ್ನೇ ಸುಲಭದಲ್ಲಿ ನೋಡೋದು ಅಂದ್ರೆ ಎನ್‌ಪಿವಿಯನ್ನ ಆಯಾ ವರ್ಷದ ಆನ್ಯುಟಿ ಫ್ಯಾಕ್ಟರಿಂದ (ಅಷ್ಟು ವರ್ಷ ವರ್ಷಕ್ಕೆ 1 ರೂಪಾಯಿ ಬಂದ್ರೆ ಅದರ ಇವತ್ತಿನ ಬೆಲೆ) ಭಾಗಿಸಿ ವರ್ಷಕ್ಕೆ ಎಷ್ಟು ಅಂತ ತೆಗೆಯೋದು: ತಟ್ಟೆ 2.98 ಭಾಗಿಸು 3.605, ವರ್ಷಕ್ಕೆ 83 ಸಾವಿರದ ಹತ್ತಿರ. ಹೋಂಸ್ಟೇ 4.39 ಭಾಗಿಸು 5.65, 78 ಸಾವಿರದ ಹತ್ತಿರ. ಮೂರು ಪಟ್ಟು ಬಂಡವಾಳ ಹಾಕಿದ್ರೂ ವರ್ಷದ ಲೆಕ್ಕಕ್ಕೆ ಹೋಂಸ್ಟೇ ಹಿಂದೆ. ಹಾಕಿದ ಒಂದೊಂದು ರೂಪಾಯಿಗೆ ಎಷ್ಟು ಎನ್‌ಪಿವಿ ಅಂತ ನೋಡಿದ್ರೆ ತಟ್ಟೆ 30 ಪೈಸೆ, ಸುಲಿಯೋ ಮಶಿನ್ 24 ಪೈಸೆ, ಹೋಂಸ್ಟೇ 15 ಪೈಸೆ. ದುಡ್ಡಿಗೆ ಮಿತಿ ಇರುವಾಗ ಈ ಕೊನೇ ಲೆಕ್ಕ ಬಹಳ ಉಪಯೋಗ, ಮೇಲಿನಿಂದ ಒಂದೊಂದೇ ಆರಿಸ್ತಾ ಹೋಗೋದು, ದುಡ್ಡು ಮುಗಿಯೋ ತನಕ.

ಇದೆಲ್ಲಾ ನಿಮ್ಮ ಅಂಕಿ ಸರಿ ಅಂತ ಇಟ್ಕೊಂಡು. ನಿಜವಾದ ಕೆಲಸ ಇನ್ನು ಮೇಲೆ.

ಹೋಂಸ್ಟೇಯ ಜಾಗಕ್ಕೆ ಸೊನ್ನೆ ಹಾಕಿದ್ದೀರಿ, ಹೆಂಡತಿ ಮನೆಯಿಂದ ಬಂದದ್ದು, ನಮಗೇನೂ ಖರ್ಚಿಲ್ಲ ಅಂತ. ಆದ್ರೆ ಅದೇ ಪತ್ರದ ಕೊನೇಲಿ ಬರೆದಿದ್ದೀರಿ, ಪಕ್ಕದ ರೆಸಾರ್ಟಿನವ್ರು ವರ್ಷಕ್ಕೆ 1 ಲಕ್ಷ ಕೊಟ್ಟು ಆ ಜಾಗ ಬಾಡಿಗೆಗೆ ಕೇಳ್ತಾ ಇದ್ದಾರೆ ಅಂತ. ಹೋಂಸ್ಟೇ ಕಟ್ಟಿದ್ರೆ ಆ 1 ಲಕ್ಷ ಹೋಯ್ತು ತಾನೆ? ಅದು ಖರ್ಚೇ. 10 ವರ್ಷಕ್ಕೆ ಅದರ ಇವತ್ತಿನ ಬೆಲೆ 5.65 ಲಕ್ಷ. 4.39ರಿಂದ 5.65 ಕಳೆದ್ರೆ ಮೈನಸ್ 1.26 ಲಕ್ಷ. ಒಂದೇ ಒಂದು ಸಾಲು ಸೇರಿಸಿದ್ದಕ್ಕೆ ಮೊದಲನೇ ನಂಬರಿನ ಪ್ರಾಜೆಕ್ಟು ಸೊನ್ನೆಗಿಂತ ಕೆಳಗೆ ಇಳೀತು. ಇನ್ನೊಂದು ಕಡೆ ನೀವು ನಿಮಗೇ ಅನ್ಯಾಯ ಮಾಡ್ಕೊಂಡಿದ್ದೀರಿ, 10 ವರ್ಷ ಆದ್ಮೇಲೆ ಕಟ್ಟಡ ಮಾಯ ಆಗೋದಿಲ್ಲ, ಹಳತಾದ್ರೂ 10 ಲಕ್ಷ ಬಾಳ್ತದೆ ಅಂತ ಹಿಡಿದ್ರೆ ಇವತ್ತಿನ ಲೆಕ್ಕಕ್ಕೆ 3.22 ಲಕ್ಷ ಸೇರ್ತದೆ. ಎರಡೂ ಸೇರಿಸಿ 1.96 ಲಕ್ಷ. ಅಂದ್ರೆ 30 ಲಕ್ಷ ಹಾಕಿ, ಅರ್ಧ ಸಾಲ ಮಾಡಿ, 10 ವರ್ಷ ಘಟ್ಟ ಹತ್ತಿ ಇಳಿದು, ಸುಮ್ಮನೆ ಬಾಡಿಗೆ ಕೊಡೋದಕ್ಕಿಂತ ಜಾಸ್ತಿ ಸಿಗೋದು ಇವತ್ತಿನ ರೂಪಾಯಲ್ಲಿ 1.96 ಲಕ್ಷ.

ಆರ್ಕಿಟೆಕ್ಟಿಗೆ ಈಗಾಗ್ಲೇ 60 ಸಾವಿರ ಕೊಟ್ಟಾಗಿದೆ, ಬಿಟ್ರೆ ಅದು ದಂಡ ಆಗ್ತದೆ ಅಂತ ಬೇಜಾರು ಮಾಡ್ಕೊಂಡಿದ್ದೀರಿ. ಅದು ಕಟ್ಟಿದ್ರೂ ವಾಪಸ್ ಬರಲ್ಲ, ಬಿಟ್ರೂ ಬರಲ್ಲ, ಹಾಗಾಗಿ ಲೆಕ್ಕದೊಳಗೆ ಅದಕ್ಕೆ ಜಾಗವೇ ಇಲ್ಲ. ಹೋದದ್ದು ಹೋಯ್ತು, ಅದನ್ನ ಹುಡುಕಿಕೊಂಡು 30 ಲಕ್ಷ ಕಳಿಸೋದು ಬೇಡ.

ಆ 1.96 ಎಷ್ಟು ಗಟ್ಟಿ ಅಂತ ನೋಡುವ. ನಿಮ್ಮ ಲೆಕ್ಕದಲ್ಲಿ 4 ರೂಮೂ ಸೇರಿ ವರ್ಷಕ್ಕೆ 600 ರಾತ್ರಿ ತುಂಬ್ತದೆ, ಒಂದು ರಾತ್ರಿಗೆ 2,200 ಬಾಡಿಗೆ, ಅದ್ರಲ್ಲಿ ತಿಂಡಿ, ಲಾಂಡ್ರಿ, ಆನ್‌ಲೈನ್ ಬುಕಿಂಗಿನ ಕಮಿಷನ್ ಹೋಗಿ 1,700 ಉಳೀತದೆ. 1.96 ಲಕ್ಷವನ್ನ ವರ್ಷಕ್ಕೆ ಹಂಚಿದ್ರೆ 35 ಸಾವಿರ, ಅದನ್ನ 1,700ರಿಂದ ಭಾಗಿಸಿ, 20 ರಾತ್ರಿ. 600ರಲ್ಲಿ 20 ರಾತ್ರಿ ಖಾಲಿ ಉಳಿದ್ರೆ ನಿಮ್ಮ ಲಾಭದ ಎನ್‌ಪಿವಿ ಸೊನ್ನೆ. ಒಂದೊಂದು ರೂಮಿಗೆ ವರ್ಷಕ್ಕೆ 5 ರಾತ್ರಿ. ಡಿಸೆಂಬರ್ ಕೊನೇ ವಾರದಲ್ಲಿ ಐದು ದಿನ ಮೋಡ ಕವಿದ್ರೂ ಹೋಗೋವಷ್ಟು ತೆಳು ಅಂಚು ಅದು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ (ಎನ್‌ಎಚ್ 66) ದಿನಗಟ್ಟಲೆ ಬಂದ್ ಆಯ್ತು, ಮೂರು ವಾರದಲ್ಲಿ ಆಗಸ್ಟ್ 7ಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಮಳೆಗಾಲ, ಹೇಗೂ ಜನ ಕಮ್ಮಿ, ಅದು ಬೇರೆ. ಅದೇ ನವೆಂಬರಲ್ಲಿ ಆಗಿದ್ರೆ? ಕೊರೊನಾ ಬಂದಾಗ ಕುಡ್ಲೆ, ಓಂ ಬೀಚ್ ಕಡೆ ರೂಮು ಕಟ್ಟಿ ಇಎಂಐ ಕಟ್ತಾ ಇದ್ದವ್ರ ಮುಖ ನಾನು ಕೌಂಟರಿನ ಈಚೆ ಕೂತು ನೋಡಿದವನು, ಇವತ್ತಿಗೂ ಮರೆತಿಲ್ಲ.

ಇನ್ನೊಂದು, ಲೆಕ್ಕಕ್ಕೂ ಮೊದ್ಲು ಆಗಬೇಕಾದ್ದು. ಆ ಜಾಗ ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ಬರ್ತದಾ? ಬಂದ್ರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬೀಳ್ತದೆ, ಅಘನಾಶಿನಿಯ ಅಳಿವೆ ಬದಿಗೂ ಉಪ್ಪುನೀರು ಏರೋ ಕಡೆ ಸಿಆರ್‌ಝಡ್ ಇದೆ. ಅನುಮತಿ ಸಿಗದ ಪ್ರಾಜೆಕ್ಟಿಗೆ ಎನ್‌ಪಿವಿ ಎಷ್ಟಿದ್ರೂ ಕೆಲಸಕ್ಕೆ ಬರಲ್ಲ, ಅದನ್ನ ರ‍್ಯಾಂಕಿಂಗಿಗೆ ತರೋದೇ ತಪ್ಪು. ಸರ್ವೆ ನಂಬರ್ ತಗೊಂಡು ಹೋಗಿ ನಕ್ಷೆ ನೋಡಿಸಿ.

ಈಗ ತಟ್ಟೆಗೆ ಬರುವ. ಇದಕ್ಕೂ ಅಷ್ಟೇ ಗಟ್ಟಿಯಾಗಿ ಒರೆ ಹಚ್ಚಬೇಕು, ಊರಿನದ್ದು ಅಂತ ಮಾಫಿ ಇಲ್ಲ.

ಮೊದಲನೇದು ದುಡಿಯೋ ಬಂಡವಾಳ, ಅದು ನಿಮ್ಮ ಶೀಟಲ್ಲಿ ಇಲ್ವೇ ಇಲ್ಲ. ಹಾಳೆ ಒಣಗಿ ಬೀಳೋದು, ಆರಿಸೋದು ಬೇಸಿಗೆ ತಿಂಗಳಲ್ಲಿ. ಮಳೆ ಶುರು ಆಯ್ತು ಅಂದ್ರೆ ತೋಟದಲ್ಲಿ ಬಿದ್ದ ಹಾಳೆಗೆ ಬೂಸ್ಟು ಬಂದು ಕಪ್ಪಾಗ್ತದೆ, ತಟ್ಟೆಗೆ ಬರಲ್ಲ. ಹಾಗಾಗಿ ವರ್ಷ ಪೂರ್ತಿ ಮಶಿನ್ ಓಡಬೇಕು ಅಂದ್ರೆ ಮೇ ಮುಗಿಯೋದ್ರೊಳಗೆ ನಾಲ್ಕೈದು ತಿಂಗಳ ಹಾಳೆ ತಗೊಂಡು ಮಾಳಿಗೆಲೋ ಶೆಡ್ಡಲ್ಲೋ ಒಣಗಿಸಿ ಇಡಬೇಕು, ಆ ಹಾಳೆಗೆ ಕೊಟ್ಟ ದುಡ್ಡು, ಮೇಲಿಂದ ಅಂಗಡಿಯವ್ರ ಹತ್ರ ಬಾಕಿ ನಿಲ್ಲೋ ದುಡ್ಡು, ಎಲ್ಲಾ ಸೇರಿ 2 ಲಕ್ಷವಾದ್ರೂ ಬೇಕು. ಅದು 5 ವರ್ಷ ಆದ್ಮೇಲೆ ವಾಪಸ್ ಬರ್ತದೆ ನಿಜ, ಆದ್ರೆ 57 ಪೈಸೆ ಲೆಕ್ಕದಲ್ಲಿ ಬರೋದು, ಹಾಗಾಗಿ 87 ಸಾವಿರ ಎನ್‌ಪಿವಿ ತಿಂತದೆ. ಉಳೀತು 2.11 ಲಕ್ಷ.

ಈ ವಿಷಯ ಯಾಕೆ ಇಷ್ಟು ಒತ್ತಿ ಹೇಳ್ತೇನೆ ಅಂದ್ರೆ ನಾನೇ ಇದ್ರಲ್ಲಿ ಬಿದ್ದವನು. ತುಂಬ ವರ್ಷದ ಹಿಂದೆ ಮನೆಯವ್ರ ಜೊತೆ ಸೇರಿ ಮುರುಗಲು ಸಿರಪ್ ಮಾಡೋಕೆ ಹೊರಟಿದ್ವಿ. ಲೆಕ್ಕ ಎಲ್ಲಾ ನಾನೇ ಹಾಕಿದ್ದು, ಲಾಭವೂ ಚೆನ್ನಾಗೇ ಕಾಣ್ತಿತ್ತು. ಏಪ್ರಿಲ್ ಮೇ ತಿಂಗಳಲ್ಲಿ ಹಣ್ಣು ಬಂತು, ಮಳೆ ಬೀಳೋ ಮೊದ್ಲು ಎಲ್ಲಾ ತಗೊಂಡು, ಸಕ್ಕರೆ ತಗೊಂಡು, ರಸ ತೆಗೆದು ನೀಲಿ ಡ್ರಮ್ಮುಗಳಲ್ಲಿ ತುಂಬಿಟ್ವಿ. ಮಳೆಗಾಲದಲ್ಲಿ ಮುರುಗಲು ಪಾನಕ ಯಾರು ಕುಡೀತಾರೆ? ಮುಂದಿನ ಫೆಬ್ರವರಿ ತನಕ ಆ ಡ್ರಮ್ಮುಗಳು ಅಟ್ಟದ ಕೆಳಗೆ ಸಾಲಾಗಿ ನಿಂತಿದ್ವು, ನಾನು ಬಡ್ಡಿ ಕಟ್ತಾ ಇದ್ದೆ. ಮಾರಾಟ ಆಯ್ತು, ಲಾಭವೂ ಬಂತು, ಆ ಲಾಭ ಅಷ್ಟನ್ನೂ ಹತ್ತು ತಿಂಗಳ ಬಡ್ಡಿ ತಗೊಂಡು ಹೋಯ್ತು. ಆಮೇಲೆ ಯಾವ ರಿಪೋರ್ಟ್ ಬಂದ್ರೂ ನಾನು ಮೊದ್ಲು ತೆಗೆದು ನೋಡೋದು ಈ ದುಡಿಯೋ ಬಂಡವಾಳದ ಪುಟವನ್ನೇ.

ಎರಡನೇದು ನಿಮ್ಮ ದುಡಿಮೆ. ಇಬ್ಬರು ಆಳಿನ ಸಂಬಳ ಹಾಕಿದ್ದೀರಿ, ನೀವು ದಿನಾ ಅರ್ಧ ದಿನ ಕೂರೋದಕ್ಕೆ ಸೊನ್ನೆ. ಆ ಅರ್ಧ ದಿನ ತೋಟದಲ್ಲಿದ್ರೆ ಒಬ್ಬ ಆಳಿನ ಅರ್ಧ ಕೂಲಿ ಉಳೀತಿತ್ತು, 250 ರೂಪಾಯಿ ಹಿಡೀರಿ, ತಿಂಗಳಿಗೆ 25 ದಿನ, ವರ್ಷಕ್ಕೆ 75 ಸಾವಿರ. 5 ವರ್ಷಕ್ಕೆ ಇವತ್ತಿನ ಲೆಕ್ಕದಲ್ಲಿ 2.70 ಲಕ್ಷ. 2.11ರಿಂದ 2.70 ಹೋದ್ರೆ ಮೈನಸ್ 59 ಸಾವಿರ. ಬೇಜಾರಾಯ್ತು ಅಂತ ಗೊತ್ತು. ಇದರ ಅರ್ಥ ಘಟಕ ನಷ್ಟ ಅಂತಲ್ಲ, ಬಂಡವಾಳಕ್ಕೆ 12% ಬಂದು, ನಿಮ್ಮ ಕೂಲಿ 75 ಸಾವಿರದ ಬದ್ಲು ವರ್ಷಕ್ಕೆ 58 ಸಾವಿರ ಚಿಲ್ಲರೆ ಸಿಕ್ಕಿದ ಹಾಗೆ. ಹೋಂಸ್ಟೇಗೆ ಅಡುಗೆಯವ್ರು, ನೋಡ್ಕೊಳ್ಳೋರು ಎಲ್ಲರ ಸಂಬಳ ಹಾಕಿದ್ದೀರಿ, ತಟ್ಟೆಗೆ ಹಾಕಿಲ್ಲ, ಹಾಗೆ ಹೋಲಿಸಿದ್ರೆ ತಕ್ಕಡಿ ಒಂದು ಕಡೆ ವಾಲ್ತದೆ.

ಮೂರನೇದು ಬೆಲೆ. ವರ್ಷಕ್ಕೆ 4 ಲಕ್ಷ ತಟ್ಟೆ, ದಿನಕ್ಕೆ 1,300ರ ಮೇಲೆ, ಒಂದಕ್ಕೆ 3 ರೂಪಾಯಿ, 12 ಲಕ್ಷ ಮಾರಾಟ. ನಿಮ್ಮ ಮೊದಲಿನ 2.98 ಲಕ್ಷದ ಎನ್‌ಪಿವಿ ಇತ್ತಲ್ಲ, ಅದು ಪೂರ್ತಿ ಕರಗೋದಕ್ಕೆ ತಟ್ಟೆ ಮೇಲೆ 21 ಪೈಸೆ ಇಳಿದ್ರೆ ಸಾಕು, 3 ರೂಪಾಯಿ ಇದ್ದದ್ದು 2.79 ಆದ್ರೆ ಮುಗೀತು. ಬೆಲೆ 10% ಬಿದ್ರೆ ಮೈನಸ್ 1.35. ಇದು ಕಲ್ಪನೆ ಅಲ್ಲ. 2022ರ ಜುಲೈ 1ಕ್ಕೆ ಒಂದ್ಸಲ ಬಳಸಿ ಎಸೆಯೋ ಪ್ಲಾಸ್ಟಿಕ್ ನಿಷೇಧ ಆದಾಗ ಹಾಳೆ ತಟ್ಟೆಗೆ ಒಳ್ಳೇ ಕಾಲ ಬಂತು ಅಂತ ಎಷ್ಟೋ ಜನ ಮಶಿನ್ ತಗೊಂಡ್ರು, 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆ ತಟ್ಟೆ ಊಟಕ್ಕೆ ಬಳಸೋದು ಸುರಕ್ಷಿತ ಅಲ್ಲ ಅಂತ ಹೇಳಿ ಅಲ್ಲಿಗೆ ಹೋಗೋ ಮಾಲನ್ನ ತಡೀತು. ನೀವು ರಫ್ತು ಮಾಡದಿದ್ರೂ, ಅಲ್ಲಿಗೆ ಹೋಗಬೇಕಾದ ಮಾಲು ಇಲ್ಲಿನ ಮಾರುಕಟ್ಟೆಗೇ ಬರ್ತದೆ, ಬೆಲೆ ಒತ್ತಿಹಿಡೀತದೆ. ಇನ್ನೊಂದು ಸೂಕ್ಷ್ಮ ಇದೆ, ನಿಮ್ಮ 12 ಲಕ್ಷ ಮಾರಾಟದ ಅಂದಾಜು ಪಕ್ಕದೂರಿನ ಘಟಕದ ಒಂದು ವರ್ಷದ ಬಿಲ್ಲು ನೋಡಿ ಹಾಕಿದ್ದು ಅಂದಿದ್ದೀರಿ, ಆ ವರ್ಷ ಶಿರಸಿಲಿ ಮಾರಿಕಾಂಬಾ ಜಾತ್ರೆ ಇತ್ತಾ ನೋಡಿ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರೋದು, ಆ ವರ್ಷದ ಮಾರಾಟ ಹಿಡಿದು ಐದೂ ವರ್ಷಕ್ಕೆ ಎಳೀಬಾರದು.

ಸಬ್ಸಿಡಿ ಬಗ್ಗೆ ಕೇಳಿದ್ದೀರಿ. ನನ್ನ ಪದ್ಧತಿ ಏನು ಅಂದ್ರೆ ಮೊದ್ಲು ಸಬ್ಸಿಡಿ ಇಲ್ಲದೇ ಲೆಕ್ಕ, ಆಮೇಲೆ ಸೇರಿಸಿ ಲೆಕ್ಕ, ಎರಡನ್ನೂ ಪಕ್ಕಪಕ್ಕ ಇಡೋದು. ಸಣ್ಣ ಘಟಕ ಹಾಕೋರಿಗೆ ಸಾಲದ ಜೊತೆ ಸಬ್ಸಿಡಿ ಕೊಡೋ ಕೇಂದ್ರದ ಯೋಜನೆ ಪಿಎಂಇಜಿಪಿಲಿ ಹಳ್ಳಿ ಕಡೆ ಸಾಮಾನ್ಯ ವರ್ಗಕ್ಕೆ 25%, ಹೆಂಗಸರ ಹೆಸರಲ್ಲಿ ಹಾಕಿದ್ರೆ 35%, ಒಂದು ಕುಟುಂಬಕ್ಕೆ ಒಂದೇ. ಹಾಗಾಗಿ ಅರ್ಜಿ ನಿಮ್ಮ ಹೆಂಡತಿ ಹೆಸರಲ್ಲೇ ಹೋಗ್ಲಿ, ಕೆಲಸವೂ ನಿಜವಾಗಿ ಅವ್ರೇ ನೋಡ್ಕೊಳ್ಳೋ ಹಾಗಿರ್ಲಿ. ಆದ್ರೆ ಆ ಹಣ ಕೈಗೆ ಬರಲ್ಲ, 3 ವರ್ಷ ಬ್ಯಾಂಕಲ್ಲಿ ಠೇವಣಿಯಾಗಿ ಇದ್ದು, ಘಟಕ ನಡೀತಾ ಇದೆ ಅಂತ ಖಾತ್ರಿ ಆದ್ಮೇಲೆ ಸಾಲಕ್ಕೆ ಜಮಾ ಆಗ್ತದೆ, ಅಷ್ಟು ಮೊತ್ತದ ಸಾಲಕ್ಕೆ ಆ ತನಕ ಬಡ್ಡಿ ಹಾಕೋದಿಲ್ಲ. ಇದು ಸಾಲಕ್ಕೆ ಕಟ್ಟಿದ ಸಬ್ಸಿಡಿ, ನಿಮ್ಮ ಹತ್ರ ದುಡ್ಡಿದ್ರೂ ಸಾಲ ತಗೊಳ್ಳಲೇಬೇಕು. ಬಡ್ಡಿ ಉಳಿಯೋದನ್ನ ಬಿಟ್ಟು, ಬಿಗಿಯಾಗಿ ಮೂರನೇ ವರ್ಷದ ಕೊನೇಲಿ ಬರೋ ಹಣ ಅಂತಲೇ ನಾನು ಹಿಡಿದಿದ್ದೇನೆ: 10 ಲಕ್ಷಕ್ಕೆ 3.5 ಲಕ್ಷ, ಇವತ್ತಿನ ಬೆಲೆ 2.49 ಲಕ್ಷ. ಮೈನಸ್ 59 ಸಾವಿರ ಇದ್ದದ್ದು ಈಗ ಪ್ಲಸ್ 1.90 ಲಕ್ಷ. ಅಂದ್ರೆ ನಿಮ್ಮ ಕೂಲಿ ಪೂರ್ತಿ ಹಿಡಿದ ಮೇಲೂ ಹಾಕಿದ ರೂಪಾಯಿಗೆ 16 ಪೈಸೆ ಮೇಲೆ ಉಳೀತದೆ.

ಸುಲಿಯೋ ಮಶಿನ್ ಬಗ್ಗೆ ಹೆಚ್ಚು ಹೇಳೋದಿಲ್ಲ, ಹೇಳೋವಂಥ ತೊಂದರೆ ಅದ್ರಲ್ಲಿ ಕಮ್ಮಿ. ಅಡಿಕೆ ನಿಮ್ಮದೇ, ಸುಲಿಯೋ ಆಳು ಸಿಗದ ಕಷ್ಟ ಪ್ರತಿ ಕೊಯ್ಲಿಗೂ ಇದ್ದದ್ದೇ, ಗಿರಾಕಿ ಹುಡುಕೋ ಕೆಲಸ ಇಲ್ಲ. ಕೊಳೆ ರೋಗ ಜೋರಾಗಿ ಬಂದ ವರ್ಷ ಉಳಿತಾಯ 1 ಲಕ್ಷ ಇರ್ಲಿಕ್ಕಿಲ್ಲ, 80 ಸಾವಿರ ಹಿಡಿದ್ರೂ ಎನ್‌ಪಿವಿ ಸೊನ್ನೆಯ ಹತ್ತಿರ ನಿಲ್ತದೆ, ಕೆಳಗೆ ದೊಡ್ಡ ಹೊಂಡ ಇಲ್ಲ. ನನಗೆ ಇದು ಎಲ್ಲಕ್ಕಿಂತ ಮೊದ್ಲು.

ಎರಡು ಸಣ್ಣ ವಿಷಯ ಮರೆಯೋ ಮೊದ್ಲು. ಶೀಟಲ್ಲಿ ಹೋಂಸ್ಟೇದ್ದು ಒಂದು ಆವೃತ್ತಿಲಿ ಸಾಲದ ಬಡ್ಡಿ ಕಳೆದು, ಮೇಲಿಂದ 12% ದರದಲ್ಲೂ ಇಳಿಸಿದ್ದೀರಿ. ಆ 12% ಒಳಗೇ ಬಡ್ಡಿ ಇದೆ, ಎರಡು ಸಲ ಕಳೀಬೇಡಿ. ಹಾಗೇ ಸವಕಳಿ ಅನ್ನೋದು ಕೈಯಿಂದ ಹೋಗೋ ದುಡ್ಡಲ್ಲ, ಅದನ್ನ ಖರ್ಚು ಅಂತ ನಗದು ಲೆಕ್ಕದಲ್ಲಿ ಕಳೆಯೋ ಹಾಗಿಲ್ಲ, ಟ್ಯಾಕ್ಸ್ ಬೀಳೋ ಆದಾಯ ಇದ್ರೆ ಮಾತ್ರ ಮಶಿನ್ನಿಗೆ 15%, ಹೋಂಸ್ಟೇಯಂಥ ವ್ಯವಹಾರದ ಕಟ್ಟಡಕ್ಕೆ 10% ಸವಕಳಿ ತೋರಿಸಿ ಉಳಿಯೋ ಟ್ಯಾಕ್ಸನ್ನ ಸೇರಿಸಿ, ಅಷ್ಟೇ.

ಈಗ ಎಲ್ಲಾ ಒಂದು ಕಡೆ ಇಟ್ಟು ನೋಡಿದ್ರೆ ನನ್ನ ಸಲಹೆ ಹೀಗೆ. ಗೋಕರ್ಣದ ಜಾಗ ಬಾಡಿಗೆಗೆ ಕೊಡಿ, ಅದು ನೀವು ಪಟ್ಟಿಗೇ ಸೇರಿಸದ ಐದನೇ ಪ್ರಾಜೆಕ್ಟು, ಒಂದು ಪೈಸೆ ಹಾಕದೇ 5.65 ಲಕ್ಷದ ಎನ್‌ಪಿವಿ. ಸುಲಿಯೋ ಮಶಿನ್ 97 ಸಾವಿರ, ಸಬ್ಸಿಡಿ ಸೇರಿ ತಟ್ಟೆ 1.90, ಮೂರೂ ಸೇರಿ 8.52 ಲಕ್ಷ. ಜಾಗದ ಬಾಡಿಗೆ ಕಳೆಯದೇ ಹಿಡಿದ್ರೂ ಹೋಂಸ್ಟೇದ್ದು ಹಳೇ ಕಟ್ಟಡದ 3.22 ಸೇರಿ 7.61. ಒಂದು ಕಡೆ 30 ಲಕ್ಷ, ಇನ್ನೊಂದು ಕಡೆ ಹಾಳೆಗೆ ಬೇಕಾದ 2 ಲಕ್ಷವೂ ಸೇರಿ 16 ಲಕ್ಷ. ಬಾಡಿಗೆ ಕರಾರು ಮಾತ್ರ 10 ವರ್ಷಕ್ಕೆ ಬರ್ಕೊಡಬೇಡಿ, 3 ವರ್ಷಕ್ಕೆ ಕೊಡಿ, ಪಕ್ಕಾ ಕಟ್ಟಡ ಕಟ್ಟೋ ಹಾಗಿಲ್ಲ ಅಂತ ಬರೆಸಿ, ನೋಂದಣಿ ಮಾಡಿಸಿ. ಮೂರು ವರ್ಷ ಆದ್ಮೇಲೆ ಹೋಂಸ್ಟೇ ಲೆಕ್ಕ ಮತ್ತೆ ತೆಗೀಬಹುದು, ಆರ್ಕಿಟೆಕ್ಟ್ ನಕ್ಷೆ ಆಗ ಉಪಯೋಗಕ್ಕೆ ಬಂದ್ರೂ ಬರಬಹುದು.

ಮಶಿನ್ ಈ ಕೊಯ್ಲಿನ ಒಳಗೇ ತಗೊಳ್ಳಿ. ತಟ್ಟೆಗೆ ಅರ್ಜಿ ಹಾಕೋ ಮೊದ್ಲು ಒಂದು ಕೆಲಸ ಬಾಕಿ ಇದೆ: ನಾನು ಕೊನೇಲಿ ತೆಗೆದ 1.90 ಲಕ್ಷವನ್ನ 4 ಲಕ್ಷ ತಟ್ಟೆಗೆ ಹಂಚಿದ್ರೆ ಒಂದಕ್ಕೆ 13 ಪೈಸೆ ಬರ್ತದೆ, ಅಂದ್ರೆ ನಿಮ್ಮ ಕೆಳಗಿನ ಗೆರೆ 2 ರೂಪಾಯಿ 87 ಪೈಸೆ. ಶಿರಸಿ, ಹುಬ್ಬಳ್ಳಿ ಕಡೆಯ ಇಬ್ಬರು ಸಗಟು ಖರೀದಿದಾರರ ಹತ್ರ ಸ್ಯಾಂಪಲ್ ತಟ್ಟೆ ಹಿಡ್ಕೊಂಡು ಹೋಗಿ, ಮಳೆಗಾಲವೂ ಸೇರಿ ವರ್ಷಕ್ಕೆ ಎಷ್ಟು ತಗೊಳ್ತೀರಿ, ಯಾವ ಬೆಲೆಗೆ, ದುಡ್ಡು ಎಷ್ಟು ದಿನಕ್ಕೆ ಕೊಡ್ತೀರಿ ಅಂತ ಕಾಗದದ ಮೇಲೆ ಬರೆಸ್ಕೊಂಡು ಬನ್ನಿ. ಬೆಲೆ 2.87ಕ್ಕಿಂತ ಮೇಲಿದ್ರೆ ಅರ್ಜಿ ಹಾಕಿ. ಕೆಳಗಿದ್ರೆ ಈ ವರ್ಷ ಮಶಿನ್ ಮತ್ತು ಬಾಡಿಗೆ ಎರಡೇ ಸಾಕು, ಉಳಿದ ದುಡ್ಡು ಸೊಸೈಟಿಲೇ ಇರ್ಲಿ, ಬ್ಯಾಂಕಿನ 15 ಲಕ್ಷ ಈಗ ಬೇಡ ಅಂತ ಹೇಳಿ ಬನ್ನಿ.